ಜ್ವರದ ರಜೆಯ ಮೆಸೇಜು: ಕನ್ನಡದ ಕಿವಿಯಿಂದಲೇ ಇಂಗ್ಲಿಷ್ ತಿದ್ದಿಕೊಳ್ಳುವುದು ಹೇಗೆ

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಕಟ್ಟಡದ ಸೈಟೊಂದರಲ್ಲಿ ಸೂಪರ್‌ವೈಸರ್ ಆಗಿದ್ದಾನೆ. ಮೈ ಸುಡುತ್ತಿತ್ತು, ಮೂಗು ಸೋರುತ್ತಿತ್ತು. "ಅಂಕಲ್, ಆಫೀಸಿಗೆ ರಜೆ ಹೇಳ್ಬೇಕು. ಇದೊಂಚೂರು ನೋಡಿ, ತಪ್ಪಿದ್ರೆ ತಿದ್ದಿ" ಅಂದ. ಸ್ಕ್ರೀನಿನಲ್ಲಿ ಇದ್ದದ್ದು ಇಷ್ಟು:

"ಸರ್, ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್. ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಡಾಕ್ಟರ್. ಹೀ ಟೋಲ್ಡ್ ಟು ಟೇಕ್ ರೆಸ್ಟ್. ಸೋ ಐ ಡಿಡ್ ನಾಟ್ ವೆಂಟ್ ಟು ಸೈಟ್. ಐ ವಿಲ್ ಕಮ್ ಮಂಡೇ ಓನ್ಲಿ."

ಐದು ವಾಕ್ಯ, ಐದರಲ್ಲೂ ಎಡವಟ್ಟು. ಆದರೆ ಇದನ್ನು ಜೋರಾಗಿ ಓದಿ ನೋಡಿ, ಒಳಗಿನಿಂದ ಅಚ್ಚ ಕನ್ನಡ ಕೇಳಿಸುತ್ತದೆ: ಎರಡು ದಿನದಿಂದ ಜ್ವರ ಇದೆ, ನಿನ್ನೆ ಡಾಕ್ಟರ್ ಹತ್ರ ಹೋಗಿದ್ದೆ, ರೆಸ್ಟ್ ತಗೊಳ್ಳೋಕೆ ಹೇಳಿದ್ರು, ಅದಕ್ಕೆ ಸೈಟಿಗೆ ಹೋಗ್ಲಿಲ್ಲ, ಸೋಮವಾರಾನೇ ಬರ್ತೀನಿ. ಈ ಕನ್ನಡದಲ್ಲಿ ಒಂದು ಕೊರತೆಯೂ ಇಲ್ಲ. ಹುಡುಗ ಅದನ್ನು ನಿಯತ್ತಾಗಿ ಪದಕ್ಕೆ ಪದ ದಾಟಿಸಿದ್ದಾನೆ, ಅಷ್ಟೆ.

"ಇಂಗ್ಲಿಷಲ್ಲೇ ಯೋಚನೆ ಮಾಡಿ" ಎಂದು ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ಬಾರದ ಭಾಷೆಯಲ್ಲಿ ಯೋಚನೆ ಮಾಡುವುದು ಹೇಗೆಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ದಾರಿ ಬೇರೆ. ಕನ್ನಡದಲ್ಲೇ ಯೋಚಿಸಿ, ಸ್ವಲ್ಪ ಕಿವಿಗೊಟ್ಟು ಯೋಚಿಸಿ. ತಪ್ಪಿನ ಬೇರು ಕನ್ನಡದಲ್ಲಿರುವ ಹಾಗೆ, ಎಷ್ಟೋ ಸಲ ಮದ್ದೂ ಅಲ್ಲೇ ಇರುತ್ತದೆ. ಆ ಮೆಸೇಜನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಹೆಜ್ಜೆ 1: "ಹ್ಯಾವಿಂಗ್" ಬೇಕಾ ಅಂತ ಕನ್ನಡವನ್ನೇ ಕೇಳಿ

ಕ್ರಿಯಾಪದಕ್ಕೆ "ಇಂಗ್" ಹಚ್ಚುವ ಮೊದಲು ಅದೇ ಮಾತಿನಲ್ಲಿ ಕನ್ನಡದ "ಉತ್ತಿದೆ" ಕೂರುತ್ತದೆಯೇ ನೋಡಿ. "ನನಗೆ ಜ್ವರ ಇದೆ" ಅನ್ನುತ್ತೇವೆ, "ಜ್ವರ ಇರುತ್ತಿದೆ" ಅನ್ನುವುದಿಲ್ಲ. "ಇಬ್ಬರು ಮಕ್ಕಳಿದ್ದಾರೆ" ಅನ್ನುತ್ತೇವೆ, "ಇಬ್ಬರು ಮಕ್ಕಳು ಇರುತ್ತಿದ್ದಾರೆ" ಅಂದರೆ ಎದುರಿಗಿದ್ದವರು ಗಾಬರಿಯಾಗುತ್ತಾರೆ. ಹಾಗಿದ್ದ ಮೇಲೆ "ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಎಲ್ಲಿಂದ ಬಂತು? ಅದು "ಐ ಹ್ಯಾವ್ ಟೂ ಚಿಲ್ಡ್ರನ್". "ಐ ಆ್ಯಮ್ ನೋಯಿಂಗ್ ಹಿಮ್" ಕೂಡ ಹೀಗೆಯೇ. "ಗೊತ್ತು" ಅನ್ನುವುದಕ್ಕೆ ನಮ್ಮಲ್ಲೂ "ಉತ್ತಿದೆ" ಹತ್ತುವುದಿಲ್ಲ, "ಐ ನೋ ಹಿಮ್" ಸಾಕು. "ಊಟ ಮಾಡ್ತಿದ್ದೀನಿ" ಅನ್ನಬಹುದು, ಆದ್ದರಿಂದ "ಐ ಆ್ಯಮ್ ಹ್ಯಾವಿಂಗ್ ಲಂಚ್" ಸರಿ.

ಈ ಪರೀಕ್ಷೆಗೆ ಮೋಸ ಮಾಡುವವು ಮೂರು: ಅರ್ಥ ಆಗ್ತಿದೆ, ಕೇಳಿಸ್ತಿದೆ, ಕಾಣಿಸ್ತಿದೆ. ಇವಕ್ಕೆ ಇಂಗ್ಲಿಷಿನಲ್ಲಿ "ಐ ಅಂಡರ್‌ಸ್ಟ್ಯಾಂಡ್", "ಐ ಕ್ಯಾನ್ ಹಿಯರ್", "ಐ ಕ್ಯಾನ್ ಸೀ". ಮೀಟಿಂಗಿನಲ್ಲಿ "ಆರ್ ಯೂ ಹಿಯರಿಂಗ್ ಮೀ?" ಎಂದು ಕೇಳಬೇಡಿ, "ಕ್ಯಾನ್ ಯೂ ಹಿಯರ್ ಮೀ?" ಎಂದು ಕೇಳಿ.

ಹೆಜ್ಜೆ 2: "ಇಂದ" ಅಂದರೆ ಅಳತೆಯೋ, ಆರಂಭವೋ

ಕನ್ನಡದ ಒಂದೇ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. "ಸೋಮವಾರದಿಂದ ಜ್ವರ" ಅಂದಾಗ ಅದು ಶುರುವಾದ ಜಾಗವನ್ನು ತೋರಿಸುತ್ತದೆ. "ಎರಡು ದಿನದಿಂದ ಜ್ವರ" ಅಂದಾಗ ಎಷ್ಟು ಹೊತ್ತು ಅನ್ನುವ ಅಳತೆಯನ್ನು ಹೇಳುತ್ತದೆ. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡಿದೆ. ಆರಂಭಕ್ಕೆ "ಸಿನ್ಸ್", ಅಳತೆಗೆ "ಫಾರ್". "ಸಿನ್ಸ್ ಮಂಡೇ", "ಸಿನ್ಸ್ 2019", "ಸಿನ್ಸ್ ದಿಸ್ ಮಾರ್ನಿಂಗ್". "ಫಾರ್ ಟೂ ಡೇಸ್", "ಫಾರ್ ಫೈವ್ ಇಯರ್ಸ್". ಗಡಿಯಾರ ಅಥವಾ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ "ಸಿನ್ಸ್", ಎಣಿಸಬೇಕಾದರೆ "ಫಾರ್".

ಇನ್ನೊಂದು ಬಲೆ ಇದೆ. "ಐದು ವರ್ಷದಿಂದ ಇಲ್ಲಿ ಇದ್ದೀನಿ" ಅನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲೇ ನಿಂತಿದೆ, ಹಾಗಾಗಿ "ಐ ಆ್ಯಮ್ ಹಿಯರ್ ಫ್ರಮ್ ಫೈವ್ ಇಯರ್ಸ್" ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಶುರುವಾಗಿ ಈಗಲೂ ನಡೆದಿರುವುದಕ್ಕೆ "ಹ್ಯಾವ್" ಬೇಕೇ ಬೇಕು: "ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್." ಹುಡುಗನ ಜ್ವರ "ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್" ಆಯಿತು. "ಹ್ಯಾವ್ ಹ್ಯಾಡ್" ಕಂಡು ಅವನು "ಎರಡೆರಡು ಸಲ ಯಾಕೆ ಅಂಕಲ್?" ಅಂದ. ಮೊದಲನೆಯದು ಕಾಲ ತೋರಿಸಲು, ಎರಡನೆಯದು ಜ್ವರ ಹೊತ್ತುಕೊಳ್ಳಲು ಅಂದೆ, ಒಪ್ಪಿದ.

ಹೆಜ್ಜೆ 3: "ಹೋಗಿದ್ದೆ" ಕಂಡಲ್ಲೆಲ್ಲ "ಹ್ಯಾಡ್ ಗಾನ್" ಹಾಕಬೇಡಿ

ಇದು ನಮ್ಮವರ ಇಂಗ್ಲಿಷಿನ ಹೆಬ್ಬೆಟ್ಟಿನ ಗುರುತು. "ನಿನ್ನೆ ಮೈಸೂರಿಗೆ ಹೋದೆ" ಅನ್ನುವುದಕ್ಕಿಂತ "ಹೋಗಿದ್ದೆ" ಅನ್ನುವುದೇ ನಮಗೆ ಸಹಜ. ಅದರಲ್ಲಿ ಹೋದದ್ದೂ ಇದೆ, ವಾಪಸು ಬಂದದ್ದೂ ಇದೆ. ಅದನ್ನೇ "ಐ ಹ್ಯಾಡ್ ಗಾನ್" ಮಾಡಿದರೆ ಕೇಳುವವನು ಮುಂದಿನ ಮಾತಿಗಾಗಿ ಕಾಯುತ್ತಾನೆ: ಹೋಗಿದ್ದೆ, ಅಷ್ಟರಲ್ಲಿ ಏನಾಯಿತು? ಏನೂ ಆಗಿಲ್ಲವಾದರೆ "ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ" ಸಾಕು.

"ಹ್ಯಾಡ್" ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ಹೇಳುವಾಗ. "ನಾನು ಸ್ಟ್ಯಾಂಡಿಗೆ ಹೋಗೋ ಅಷ್ಟರಲ್ಲಿ ಬಸ್ ಹೊರಟುಹೋಗಿತ್ತು" ಅನ್ನುತ್ತೇವಲ್ಲ, ಅಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕೈ ಹಿಡಿದು ನಡೆಯುತ್ತವೆ: "ದ ಬಸ್ ಹ್ಯಾಡ್ ಲೆಫ್ಟ್." ನಿಮ್ಮ ಕನ್ನಡ ವಾಕ್ಯದಲ್ಲಿ "ಅಷ್ಟರಲ್ಲಿ", "ಅಷ್ಟೊತ್ತಿಗೆ" ಸೇರಿಸಲು ಆಗುತ್ತದೆಯೇ ನೋಡಿ. ಆಗುವುದಾದರೆ "ಹ್ಯಾಡ್" ಹಾಕಿ.

"ಹಂಪಿಗೆ ಹೋಗಿದ್ದೀರಾ?" ಎಂದು ಜೀವಮಾನದ ಅನುಭವ ಕೇಳುವಾಗ "ಹ್ಯಾವ್ ಯೂ ಗಾನ್ ಟು ಹಂಪಿ?" ಅಲ್ಲ, "ಹ್ಯಾವ್ ಯೂ ಬೀನ್ ಟು ಹಂಪಿ?" "ಗಾನ್" ಅಂದರೆ ಹೋದವನು ಇನ್ನೂ ಅಲ್ಲೇ ಇದ್ದಾನೆ. ಹಾಗೆಯೇ "ಯೆಸ್ಟರ್‌ಡೇ", "ಲಾಸ್ಟ್ ವೀಕ್" ಎಂದು ಮುಗಿದುಹೋದ ಹೊತ್ತನ್ನು ಹೇಳಿದ ಮೇಲೆ "ಹ್ಯಾವ್" ಬರಕೂಡದು. "ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ" ಅನ್ನುವುದು ದಿನಕ್ಕೆ ಹತ್ತು ಮೇಲ್‌ಗಳಲ್ಲಿ ಕಾಣುತ್ತದೆ. "ಐ ಸೆಂಟ್" ಅನ್ನಿ.

ಹೆಜ್ಜೆ 4: "ಹೋಗಲಿಲ್ಲ" ಅನ್ನುವುದನ್ನು ಬಿಡಿಸಿ ನೋಡಿ

"ಡಿಡ್ ನಾಟ್ ವೆಂಟ್" ತಪ್ಪೆಂದು ಎಲ್ಲರಿಗೂ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಆದರೂ ಆತುರದಲ್ಲಿ ಜಾರಿಬಿಡುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಕನ್ನಡವೇ. "ಹೋದೆ" ಅನ್ನುವುದನ್ನು ಇಲ್ಲ ಮಾಡಿ. "ಹೋದಲಿಲ್ಲ" ಅಂತೀರಾ? ಮೂರು ವರ್ಷದ ಮಗುವೂ ಹಾಗನ್ನುವುದಿಲ್ಲ. "ಹೋಗಲಿಲ್ಲ". "ಇಲ್ಲ" ಬಂದ ಕೂಡಲೇ ಮುಖ್ಯ ಕ್ರಿಯಾಪದ ತನ್ನ ಭೂತಕಾಲವನ್ನು ಕಳಚಿಟ್ಟು ಬರಿಯ "ಹೋಗು" ಆಗಿಬಿಡುತ್ತದೆ. "ಬಂದೆ, ಬರಲಿಲ್ಲ", "ತಿಂದೆ, ತಿನ್ನಲಿಲ್ಲ". ಇಂಗ್ಲಿಷಿನಲ್ಲೂ "ಡಿಡ್" ಬಂದ ಕೂಡಲೇ "ವೆಂಟ್" ಕಳಚಿ "ಗೋ" ಆಗುತ್ತದೆ: "ಡಿಡ್ ನಾಟ್ ಗೋ". "ಡಸ್ ನಾಟ್ ನೋಸ್" ಬದಲು "ಡಸ್ ನಾಟ್ ನೋ" ಆಗುವುದಕ್ಕೂ ಇದೇ ಕಾರಣ, ಕೊನೆಯ "ಸ್" ಅನ್ನು "ಡಸ್" ಎಳೆದುಕೊಂಡಾಗಿದೆ.

ಪ್ರಶ್ನೆಗೆ ಈ ಮದ್ದು ನಾಟುವುದಿಲ್ಲ. "ಹೋದ್ಯಾ?" ಅನ್ನುವಾಗ ನಮ್ಮ ಭೂತಕಾಲ ಹಾಗೇ ಉಳಿದಿರುತ್ತದೆ. ಅಲ್ಲಿ "ಡಿಡ್ ಯೂ ಗೋ?" ಎಂದು ಬಾಯಿಪಾಠವೇ ಗತಿ. "ಕುಡ್ ನಾಟ್ ಏಬಲ್ ಟು" ಅನ್ನುವುದನ್ನಂತೂ ಇವತ್ತೇ ಬಿಡಿ. "ಕುಡ್" ಅಂದರೇ ಆಗುವುದು, "ಏಬಲ್" ಅಂದರೂ ಆಗುವುದು. "ಐ ಕುಡ್ ನಾಟ್ ಕಮ್" ಅಥವಾ "ಐ ವಾಸ್ ನಾಟ್ ಏಬಲ್ ಟು ಕಮ್", ಎರಡರಲ್ಲಿ ಒಂದು.

ಹೆಜ್ಜೆ 5: ಹೇಳು, ಕೇಳು, ನೋಡು, ಹಾಕು

"ಹೀ ಟೋಲ್ಡ್ ಟು ಟೇಕ್ ರೆಸ್ಟ್" ಅನ್ನುವುದರಲ್ಲಿ ಒಬ್ಬರು ಕಾಣೆಯಾಗಿದ್ದಾರೆ. ಯಾರಿಗೆ ಹೇಳಿದರು? "ಟೆಲ್" ಅನ್ನುವ ಪದ ಬಂದರೆ ಅದರ ಬೆನ್ನಿಗೇ ಕೇಳಿದವರು ಬರಬೇಕು: "ಟೋಲ್ಡ್ ಮೀ", "ಟೋಲ್ಡ್ ದ ಮ್ಯಾನೇಜರ್". ಕೇಳಿದವರು ಯಾರೆಂದು ಹೇಳುವ ಗೋಜು ಬೇಡವಾದರೆ "ಸೆಡ್" ಬಳಸಿ: "ಹೀ ಸೆಡ್ ದಟ್ ಐ ನೀಡ್ ರೆಸ್ಟ್."

ಕನ್ನಡದ "ಕೇಳು" ಪ್ರಶ್ನೆ ಕೇಳುತ್ತದೆ, ಹಾಡು ಕೇಳುತ್ತದೆ, ಸಾಲವನ್ನೂ ಕೇಳುತ್ತದೆ. ಇಂಗ್ಲಿಷಿನಲ್ಲಿ "ಆಸ್ಕ್" ಬೇರೆ, "ಲಿಸನ್" ಬೇರೆ, "ಹಿಯರ್" ಬೇರೆ. ಕೊನೆಯ ಎರಡರ ವ್ಯತ್ಯಾಸ ಮಾತ್ರ ನಮ್ಮಲ್ಲೇ ಇದೆ, ಗಮನಿಸಿರುವುದಿಲ್ಲ. ಬೇಕೆಂದು ಕಿವಿಗೊಟ್ಟರೆ "ಕೇಳು", ತಾನಾಗಿ ಕಿವಿಗೆ ಬಿದ್ದರೆ "ಕೇಳಿಸು". ಮೊದಲನೆಯದು "ಲಿಸನ್", ಎರಡನೆಯದು "ಹಿಯರ್". ಕಣ್ಣಿಗೂ ಇದೇ ಲೆಕ್ಕ: "ನೋಡು" ಅಂದರೆ "ಲುಕ್", "ಕಾಣಿಸು" ಅಂದರೆ "ಸೀ". ಕ್ರಿಕೆಟ್ ಮ್ಯಾಚು, ಟಿವಿಯಂತೆ ಅಲುಗಾಡುತ್ತಾ ಸ್ವಲ್ಪ ಹೊತ್ತು ನಡೆಯುವುದನ್ನು ಕೂತು ನೋಡಿದರೆ "ವಾಚ್". "ಲಿಸನ್" ಬಂದರೆ ಅದರ ಬೆನ್ನಿಗೆ "ಟು" ಬರಲಿ, "ಲುಕ್" ಬಂದರೆ "ಆ್ಯಟ್" ಬರಲಿ.

"ಹಾಕು" ಅನ್ನುವುದರ ಕಥೆ ದೊಡ್ಡದು. ನಾವು ಬಾಗಿಲು ಹಾಕುತ್ತೇವೆ, ಫ್ಯಾನು ಹಾಕುತ್ತೇವೆ, ಅಂಗಿ ಹಾಕುತ್ತೇವೆ, ಸಹಿ ಹಾಕುತ್ತೇವೆ, ಓಟು ಹಾಕುತ್ತೇವೆ, ದುಡ್ಡು ಹಾಕುತ್ತೇವೆ, ನಾಯಿಗೆ ಅನ್ನವನ್ನೂ ಹಾಕುತ್ತೇವೆ. ಎಲ್ಲಕ್ಕೂ "ಪುಟ್" ಅಂದರೆ ಕೆಲಸ ಕೆಡುತ್ತದೆ. ಬಾಗಿಲಿಗೆ "ಕ್ಲೋಸ್", ಫ್ಯಾನಿಗೆ "ಟರ್ನ್ ಆನ್", ಅಂಗಿಗೆ "ಪುಟ್ ಆನ್", ಸಹಿಗೆ ಬರೀ "ಸೈನ್", ಓಟಿಗೆ ಬರೀ "ವೋಟ್", ಬ್ಯಾಂಕಿಗೆ ದುಡ್ಡು ಹಾಕುವಾಗ "ಡಿಪಾಸಿಟ್", ನಾಯಿಗೆ "ಫೀಡ್". ತಮಾಷೆ ನೋಡಿ, ಬಾಗಿಲು ಹಾಕಿದರೆ ಮುಚ್ಚುತ್ತದೆ, ಫ್ಯಾನು ಹಾಕಿದರೆ ತಿರುಗುತ್ತದೆ. ಇಂಗ್ಲಿಷಿನವನಿಗೆ ಕನ್ನಡ ಕಲಿಸುವ ದಿನ ಬಂದರೆ ಸೇಡು ತೀರಿಸಿಕೊಳ್ಳಬಹುದು.

"ಮಾಡು" ಅನ್ನುವುದಕ್ಕೆ ಚಿಕ್ಕ ಸೂತ್ರ: ಮಾಡಿದ ಮೇಲೆ ಹೊಸದೇನಾದರೂ ಹುಟ್ಟಿದ್ದರೆ "ಮೇಕ್", ಬರೀ ಕೆಲಸ ಮುಗಿದಿದ್ದರೆ "ಡೂ". ಕಾಫಿ, ತಪ್ಪು, ತೀರ್ಮಾನ, ಗಲಾಟೆ "ಮೇಕ್". ಹೋಮ್‌ವರ್ಕ್, ಪಾತ್ರೆ ತೊಳೆಯುವುದು, ವ್ಯಾಯಾಮ "ಡೂ". ಸೂತ್ರ ಅಲ್ಲಲ್ಲಿ ಕೈ ಕೊಡುತ್ತದೆ, ಆದರೂ ಬಹುಪಾಲು ಸಾಗುತ್ತದೆ.

ಹೆಜ್ಜೆ 6: ಕೊನೆಯ "ಏ"

"ಮಂಡೇ ಓನ್ಲಿ" ಅನ್ನುವುದು ಅಪಾಯದ ಮಾತು. ಹುಡುಗ ಹೇಳಹೊರಟಿದ್ದು "ಸೋಮವಾರಾನೇ". ಓದಿದವರಿಗೆ ತಲುಪುವುದು "ಸೋಮವಾರ ಮಾತ್ರ", ಅಂದರೆ ಮಂಗಳವಾರ ಮತ್ತೆ ನಾಪತ್ತೆ. ಕನ್ನಡದ "ಏ" ಒತ್ತು ಕೊಡುತ್ತದೆ, "ಮಾತ್ರ" ಉಳಿದದ್ದನ್ನು ಹೊರಗಿಡುತ್ತದೆ. "ಓನ್ಲಿ" ಅನ್ನುವುದು "ಮಾತ್ರ"ದ ಜೊತೆಗಾರ.

"ಏ"ಗೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ. ಇಲ್ಲೇ ಅಂದರೆ "ರೈಟ್ ಹಿಯರ್", ಈಗಲೇ ಅಂದರೆ "ರೈಟ್ ನೌ", ಆಗಲೇ ಅಂದರೆ "ಆಲ್‌ರೆಡಿ", ಅದೇ ಅಂದರೆ "ದ ಸೇಮ್", ಒಬ್ಬನೇ ಅಂದರೆ "ಅಲೋನ್", ನಾನೇ ಮಾಡಿದೆ ಅಂದರೆ "ಐ ಡಿಡ್ ಇಟ್ ಮೈಸೆಲ್ಫ್". ಅದಕ್ಕಿಂತ ಮುಂಚೆ ಬರಲ್ಲ ಅನ್ನುವ ಧ್ವನಿಯಿದ್ದರೆ "ನಾಟ್ ಅಂಟಿಲ್ ಮಂಡೇ". ಸಾಮಾನ್ಯವಾಗಿ ಏನೂ ಹಾಕದೆ ಬಿಟ್ಟರೂ ನಷ್ಟವಿಲ್ಲ.

ಹೆಜ್ಜೆ 7: ವಿಭಕ್ತಿ ಪ್ರತ್ಯಯಗಳ ಗಂಟು ಬಿಚ್ಚಿ

"ಸೋಮವಾರ ಬರ್ತೀನಿ" ಅನ್ನುವಾಗ ಸೋಮವಾರಕ್ಕೆ ನಾವು ಪ್ರತ್ಯಯ ಹಚ್ಚುವುದಿಲ್ಲ, ಹಾಗಾಗಿ ಹುಡುಗ "ಆನ್" ಬಿಟ್ಟಿದ್ದ. ಅಮೆರಿಕದವರು ಮಾತಿನಲ್ಲಿ ಬಿಡುವುದುಂಟು, ಬರೆಯುವಾಗ ಇರಲಿ. ಹೊತ್ತಿನ ಲೆಕ್ಕ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತದೆ: ಗಂಟೆಗೆ "ಆ್ಯಟ್", ದಿನಕ್ಕೆ "ಆನ್", ತಿಂಗಳು ವರ್ಷಗಳಿಗೆ "ಇನ್". ಬೆಳಿಗ್ಗೆ, ಸಂಜೆಗೆ "ಇನ್", ರಾತ್ರಿಗೆ ಮಾತ್ರ "ಆ್ಯಟ್". ಯಾಕೆ ಅಂತ ಕೇಳಬೇಡಿ.

"ಬಸ್ಸಲ್ಲಿ", "ಕಾರಲ್ಲಿ" ಎರಡಕ್ಕೂ ನಮಗೆ "ಅಲ್ಲಿ" ಸಾಕು. ಇಂಗ್ಲಿಷಿನಲ್ಲಿ ಒಳಗೆ ಎದ್ದು ನಿಂತು ಓಡಾಡಬಹುದಾದರೆ "ಆನ್" (ಬಸ್ಸು, ರೈಲು, ವಿಮಾನ), ತಲೆ ಬಗ್ಗಿಸಿ ಕೂರಬೇಕಾದರೆ "ಇನ್" (ಕಾರು, ಆಟೋ). ಬೈಕು "ಆನ್", ಅದಕ್ಕೆ ಒಳಗೇ ಇಲ್ಲ.

ಅವನ ಮೇಲೆ ಸಿಟ್ಟು ಅಂದರೆ "ಆ್ಯಂಗ್ರಿ ವಿತ್ ಹಿಮ್", ಅವಳ ಜೊತೆ ಮದುವೆಯಾಗಿದೆ ಅಂದರೆ "ಮ್ಯಾರೀಡ್ ಟು ಹರ್", ಲೆಕ್ಕದಲ್ಲಿ ಚುರುಕು ಅಂದರೆ "ಗುಡ್ ಆ್ಯಟ್ ಮ್ಯಾತ್ಸ್". ಇವನ್ನು ಜೋಡಿಯಾಗಿಯೇ ಕಲಿಯಬೇಕು. ಇನ್ನು ಕೆಲವು ಕ್ರಿಯಾಪದಗಳಿಗೆ ಏನೂ ಬೇಡ. "ಅದರ ಬಗ್ಗೆ ಚರ್ಚೆ" ಮಾಡಿ ಮಾಡಿ ನಾವು "ಡಿಸ್ಕಸ್ ಅಬೌಟ್" ಅನ್ನುತ್ತೇವೆ, "ಅವನಿಗೆ ಫೋನ್" ಮಾಡಿ "ಕಾಲ್ ಟು ಹಿಮ್" ಅನ್ನುತ್ತೇವೆ, "ಊರಿಗೆ ಮುಟ್ಟಿ" "ರೀಚ್ಡ್ ಟು" ಅನ್ನುತ್ತೇವೆ. "ಡಿಸ್ಕಸ್ ದ ಪ್ಲಾನ್", "ಕಾಲ್ ಹಿಮ್", "ರೀಚ್ಡ್ ಹುಬ್ಬಳ್ಳಿ" ಇಷ್ಟೇ. ನಾಮಪದವಾದರೆ ಮಾತ್ರ "ಎ ಡಿಸ್ಕಷನ್ ಅಬೌಟ್" ಸರಿಯೇ.

ಹೆಜ್ಜೆ 8: "ಎ", "ಆ್ಯನ್", "ದ": ಅಜ್ಜಿಯ ಕಥೆಯಿಂದ

"ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು." ಮೊದಲ ಸಲ ಬಂದಾಗ "ಒಬ್ಬ", ಗುರುತಾದ ಮೇಲೆ "ಆ". ಇಂಗ್ಲಿಷಿನ "ಎ ಕಿಂಗ್", "ದ ಕಿಂಗ್" ಇದೇ. ಅಜ್ಜಿಗೆ ಆರ್ಟಿಕಲ್ ಬರುತ್ತಿತ್ತು! ಇನ್ನೊಂದು ಸುಳಿವು "ಅನ್ನು" ಪ್ರತ್ಯಯದಲ್ಲಿದೆ. "ಪುಸ್ತಕ ತಗೊಂಡು ಬಾ" ಅಂದರೆ ಸಾಮಾನ್ಯವಾಗಿ ಯಾವುದೋ ಒಂದು. "ಪುಸ್ತಕವನ್ನು ತಗೊಂಡು ಬಾ" ಅಂದರೆ ಇಬ್ಬರಿಗೂ ಗೊತ್ತಿರುವ ಪುಸ್ತಕ, "ದ ಬುಕ್". ಊರಿನ ಹೆಸರಿಗೆ "ದ" ಬೇಡ, ನದಿಗೆ ಬೇಕು: "ದ ಕಾವೇರಿ", "ದ ತುಂಗಭದ್ರಾ".

"ಎ"ಯೋ "ಆ್ಯನ್ನೋ" ಎಂಬ ಗೊಂದಲಕ್ಕೆ ಕನ್ನಡ ಲಿಪಿಯೇ ಉತ್ತರ. ಪದವನ್ನು ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ "ಆ್ಯನ್", ವ್ಯಂಜನವಾದರೆ "ಎ". ಯೂನಿವರ್ಸಿಟಿ "ಯ"ದಿಂದ ಶುರು, "ಎ ಯೂನಿವರ್ಸಿಟಿ". ಗಂಟೆಗೆ ಇಂಗ್ಲಿಷ್ ಪದ "ಅವರ್", ಸ್ವರ, "ಆ್ಯನ್ ಅವರ್". "ಆ್ಯನ್ ಎಮ್ಮೆಲ್ಲೆ", "ಆ್ಯನ್ ಎಫ್‌ಐಆರ್", "ಎ ವನ್‌ಡೇ ಮ್ಯಾಚ್". ಸ್ಪೆಲ್ಲಿಂಗ್ ನೋಡಿ ಕೆಡುವವರೇ ಹೆಚ್ಚು. ಒಂದು ಎಚ್ಚರಿಕೆ: ನಮ್ಮ ನಾಲಿಗೆ "ಎಗ್" ಅನ್ನು "ಯೆಗ್" ಮಾಡುತ್ತದೆ, "ಓನ್ಲಿ"ಯನ್ನು "ವೋನ್ಲಿ" ಮಾಡುತ್ತದೆ. ಆ "ಯ", "ವ" ನಮ್ಮ ಮನೆಯವು, ಲೆಕ್ಕಕ್ಕಿಲ್ಲ.

ಹೆಜ್ಜೆ 9: ಓದುವವರು ಎಲ್ಲಿದ್ದಾರೆ ನೋಡಿ

ಕೆಲವು ಪದಗಳನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಗೊತ್ತುಮಾಡಿದ ಹೊತ್ತಿಗಿಂತ ಮುಂಚೆಗೆ ತರುವುದು ಅನ್ನುವ ಅರ್ಥದ "ಪ್ರಿಪೋನ್" ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಅದೇ ಪ್ರಕಾಶನದ ಕಲಿಯುವವರ ನಿಘಂಟಿನ 10ನೇ ಆವೃತ್ತಿ 2020ರಲ್ಲಿ ಬಂದಾಗ ಆಧಾರ್, ಡಬ್ಬಾ, ಹರ್ತಾಲ್ ಸೇರಿ ಭಾರತೀಯ ಇಂಗ್ಲಿಷಿನ 26 ಹೊಸ ಪದಗಳು ಒಳಗೆ ಹೋದವು. ಊರಲ್ಲಿಲ್ಲ ಅನ್ನುವುದಕ್ಕೆ ನಾವು ಹೇಳುವ "ಔಟ್ ಆಫ್ ಸ್ಟೇಷನ್" ಬ್ರಿಟಿಷ್ ಅಧಿಕಾರಿಗಳು ಬಿಟ್ಟುಹೋದದ್ದು. ಅವರನ್ನು ನೇಮಿಸಿದ ಊರಿಗೆ "ಸ್ಟೇಷನ್" ಅನ್ನುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶಕ್ಕೆ 1947ರವರೆಗೂ "ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್" ಎಂದೇ ಹೆಸರಿತ್ತು.

ಬೆಂಗಳೂರಿನ ಮ್ಯಾನೇಜರಿಗೆ ಇವೆಲ್ಲ ಅರ್ಥವಾಗುತ್ತವೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಕೂತವರಿಗೆ ಬರೆಯುವಾಗ ಮಾತ್ರ ಕೆಲವನ್ನು ಬದಲಿಸಿ. "ಐ ಪಾಸ್ಡ್ ಔಟ್ ಇನ್ 2015" ಅಂದರೆ ಅವರಿಗೆ ನೀವು ಆ ವರ್ಷ ಮೂರ್ಛೆ ಹೋಗಿದ್ದಿರಿ, "ಗ್ರಾಜುಯೇಟೆಡ್" ಅನ್ನಿ. "ಐ ಹ್ಯಾವ್ ಎ ಡೌಟ್" ಅಂದರೆ ನಿಮಗೆ ಅವರ ಮಾತಿನಲ್ಲಿ ನಂಬಿಕೆಯಿಲ್ಲ, "ಕ್ವೆಶ್ಚನ್" ಅನ್ನಿ. ಷಡ್ಡಕ, ಓರಗಿತ್ತಿಯರಿಗೆ ನಾವು ಕಟ್ಟಿಕೊಂಡ "ಕೋ-ಬ್ರದರ್", "ಕೋ-ಸಿಸ್ಟರ್" ಎಷ್ಟು ಚೆನ್ನಾದ ಪದಗಳು, ಆದರೆ ಅವರಿಗೆ ತಿಳಿಯುವುದಿಲ್ಲ. ಹತ್ತು ಲಕ್ಷವನ್ನು ಒಂದು ಮಿಲಿಯನ್ ಮಾಡಿ. ತಾರೀಕಿನಲ್ಲಿ ತಿಂಗಳ ಹೆಸರು ಬರೆಯಿರಿ. 5/6 ಅಂದರೆ ನಮಗೆ ಜೂನ್ 5, ಅಮೆರಿಕದಲ್ಲಿ ಮೇ 6.

ಫೋನಿನಲ್ಲಿ ಮಾತಾಡುವಾಗ ಇನ್ನೊಂದು. "ನಾಳೆ ಬರಲ್ವಾ?" ಅಂದರೆ ನಾವು "ಹೂಂ, ಬರಲ್ಲ" ಅನ್ನುತ್ತೇವೆ, ಕೇಳಿದವರ ಮಾತನ್ನು ಒಪ್ಪಿಕೊಂಡು. ಇಂಗ್ಲಿಷಿನಲ್ಲಿ ಬರದಿದ್ದರೆ "ನೋ", ಬರುವುದಾದರೆ "ಯೆಸ್", ಅವರು ಹೇಗೆ ಕೇಳಿದ್ದರೂ ಸರಿ. ಬರೀ "ಯೆಸ್" ಅಂದು ನಿಲ್ಲಿಸದೆ "ನೋ, ಐ ಆ್ಯಮ್ ನಾಟ್ ಕಮಿಂಗ್" ಎಂದು ಪೂರ್ತಿ ಹೇಳಿಬಿಡಿ, ತಕರಾರೇ ಇರುವುದಿಲ್ಲ.

ಹೆಜ್ಜೆ 10: ನಿಮ್ಮದೇ ಪಟ್ಟಿ

ಸಣ್ಣ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ನೀವು ಬರೆದ ತಪ್ಪು, ಎರಡನೆಯದರಲ್ಲಿ ಅದರ ಒಳಗಿದ್ದ ಕನ್ನಡ, ಮೂರನೆಯದರಲ್ಲಿ ಸರಿ ರೂಪ. ನಡುವಿನ ಕಾಲಂ ಬಿಡಬೇಡಿ. ಮುಂದಿನ ಸಲ ತಪ್ಪಿಗಿಂತ ಮುಂಚೆ ಕನ್ನಡ ನೆನಪಾಗುತ್ತದೆ, ಅಲ್ಲೇ ಕೈ ತಡೆಯುತ್ತದೆ. ಒಬ್ಬೊಬ್ಬರ ತಪ್ಪು ಎಣಿಸಿದರೆ ಹದಿನೈದು ಇಪ್ಪತ್ತು ದಾಟುವುದಿಲ್ಲ, ಅವೇ ಮತ್ತೆ ಮತ್ತೆ ಬರುತ್ತಿರುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ "ಕೋಪ್ ಅಪ್ ವಿತ್" ನಾಲ್ಕು ಸಲ ಇದೆ, ಸರಿಯಾದದ್ದು "ಕೋಪ್ ವಿತ್". ಅದರ ನಡುವಿನ ಕಾಲಂ ಇನ್ನೂ ಖಾಲಿ; ಯಾವ ಕನ್ನಡ ಅಲ್ಲಿ "ಅಪ್" ತುರುಕುತ್ತಿದೆಯೋ ಹಿಡಿಯಲು ಆಗಿಲ್ಲ.

ಹುಡುಗ ಕೊನೆಗೆ ಕಳಿಸಿದ್ದು: "ಸರ್, ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್. ಐ ವೆಂಟ್ ಟು ದ ಡಾಕ್ಟರ್ ಯೆಸ್ಟರ್‌ಡೇ, ಆ್ಯಂಡ್ ಹೀ ಟೋಲ್ಡ್ ಮೀ ಟು ರೆಸ್ಟ್. ಸೋ ಐ ಡಿಡ್ ನಾಟ್ ಗೋ ಟು ದ ಸೈಟ್. ಐ ವಿಲ್ ಬಿ ಬ್ಯಾಕ್ ಆನ್ ಮಂಡೇ." ಕೆಳಗೆ "ಕೈಂಡ್ಲಿ ಡೂ ದ ನೀಡ್‌ಫುಲ್" ಹಾಕಲಾ ಅಂತ ಕೇಳಿದ. ಜ್ವರಕ್ಕೆ ಅವರೇನು ಮಾಡ್ತಾರಪ್ಪಾ, ಬೇಡ ಅಂದೆ.